ಆಂಥೂರಿಯಂ ನೆಡುವ ಮೊದಲು ಸಂಘ ಕಟ್ಟಿರಿ

ಮಂಗಳೂರಿನ ಯಾವುದೇ ದೊಡ್ಡ ಮದುವೆಯ ಮಂಟಪವನ್ನು ಒಮ್ಮೆ ಗಮನಿಸಿ ನೋಡಿ. ವಧುವಿನ ಮುಡಿಯಲ್ಲಿ ನಮ್ಮದೇ ಮಲ್ಲಿಗೆ ಇರುತ್ತದೆ. ಆದರೆ ವೇದಿಕೆಯ ಎರಡೂ ಕಡೆ, ಇಗರ್ಜಿಯ ಬಲಿಪೀಠದ ಮುಂದೆ, ಹೋಟೆಲಿನ ಮೇಜಿನ ಮೇಲೆ ಮೇಣದಲ್ಲಿ ಅದ್ದಿ ತೆಗೆದಂತೆ ಹೊಳೆಯುವ ಕೆಂಪು, ಬಿಳಿ, ಗುಲಾಬಿ ಬಣ್ಣದ ಹೂಗಳಿರುತ್ತವೆ. ಇದೇ ಆಂಥೂರಿಯಂ. ಅಡಿಕೆಗೆ ಕೊಳೆರೋಗ, ಎಲೆಚುಕ್ಕಿ, ಹಳದಿ ಎಲೆ ಎಂದು ಒಂದರ ಮೇಲೊಂದು ಕಾಟ ಬರುತ್ತಿರುವ ಈ ಕಾಲದಲ್ಲಿ, “ಈ ಹೂ ನಮ್ಮ ಮನೆಯ ಹಿತ್ತಿಲಲ್ಲಿ ಬೆಳೆಯಬಾರದೇ?” ಎಂದು ಹಲವು ರೈತ ಬಂಧುಗಳು ಕೇಳುತ್ತಾರೆ.

ಬೆಳೆಯಬಹುದು. ನಮ್ಮ ಕರಾವಳಿಯ ತೇವದ ಗಾಳಿ ಈ ಗಿಡಕ್ಕೆ ಒಗ್ಗುತ್ತದೆ. ಆದರೆ ಹೂ ಅರಳಿಸುವುದು ಅರ್ಧ ಕೆಲಸ ಮಾತ್ರ. ಅದನ್ನು ವಾರ ವಾರ ಒಂದೇ ಗುಣಮಟ್ಟದಲ್ಲಿ ಪೇಟೆಗೆ ಮುಟ್ಟಿಸುವುದು ಉಳಿದರ್ಧ, ಮತ್ತು ಅದೇ ಕಷ್ಟದ ಅರ್ಧ. ಸಣ್ಣ ಹಿಡುವಳಿಯ ರೈತ ಒಬ್ಬನೇ ನಿಂತು ಈ ಕೆಲಸ ಮಾಡುವುದು ಕಷ್ಟ. ಆದ್ದರಿಂದ ಈ ಲೇಖನದಲ್ಲಿ ಗಿಡದ ವಿಷಯದಷ್ಟೇ ಸಂಘದ ವಿಷಯವೂ ಇದೆ.

ಕೆಸುವಿನ ದಾಯಾದಿ

ಆಂಥೂರಿಯಂ ನಮಗೆ ಪೂರ್ತಿ ಅಪರಿಚಿತ ಗಿಡವೇನಲ್ಲ. ಪತ್ರೊಡೆಯ ಕೆಸು, ಸುವರ್ಣಗೆಡ್ಡೆ ಇವುಗಳ ಕುಟುಂಬಕ್ಕೇ ಸೇರಿದ್ದು. ನಾವು ಹೂವೆಂದು ಕರೆಯುವ ಬಣ್ಣದ ಭಾಗ ನಿಜವಾಗಿ ಒಂದು ಮಾರ್ಪಟ್ಟ ಎಲೆ. ಅದರ ನಡುವೆ ಎದ್ದು ನಿಂತ ದಿಂಡಿನ ಮೇಲೆ ಇರುವ ಸಣ್ಣ ಸಣ್ಣ ಕಣಗಳೇ ನಿಜವಾದ ಹೂಗಳು. ಇದರ ತವರು ದಕ್ಷಿಣ ಅಮೆರಿಕದ ಕೊಲಂಬಿಯ ಮತ್ತು ಇಕ್ವೆಡಾರ್ ದೇಶಗಳ ಮಳೆಕಾಡು. ದೊಡ್ಡ ಮರಗಳ ನೆರಳು, ಸದಾ ತೇವ, ಬೇರಿನ ಸುತ್ತ ಗಾಳಿಯಾಡುವ ತರಗೆಲೆಯ ಹಾಸು, ಇವು ಅಲ್ಲಿ ಅದಕ್ಕೆ ಸಿಗುತ್ತಿದ್ದ ಸೌಕರ್ಯ. ಈ ಮೂರನ್ನು ನೀವು ಒದಗಿಸಿದರೆ ಗಿಡ ನಿಮ್ಮದಾಗುತ್ತದೆ.

ಒಂದು ದ್ವೀಪದ ಏಳುಬೀಳು

ಈ ಹೂವಿನ ಬೇಸಾಯದಿಂದ ಹೆಸರಾದ ನಾಡು ಪೆಸಿಫಿಕ್ ಸಾಗರದ ನಡುವಿನ ಹವಾಯಿ ದ್ವೀಪ. 1889ರಲ್ಲಿ ಲಂಡನ್ನಿನಿಂದ ಅಲ್ಲಿಗೆ ಮೊದಲ ಗಿಡಗಳು ಬಂದವು. ಮನೆಯಂಗಳದ ಅಲಂಕಾರವಾಗಿದ್ದದ್ದು ಕ್ರಮೇಣ ಸಣ್ಣ ರೈತರ ಬೆಳೆಯಾಯಿತು. ಜ್ವಾಲಾಮುಖಿಯ ಸುಟ್ಟ ಕಲ್ಲಿನ ಚೂರುಗಳ ಮೇಲೆ, ಮರಜರಿ ಗಿಡಗಳ ನೆರಳಿನಲ್ಲಿ ಅವರು ಹೂ ಬೆಳೆದರು. 1980ರ ಹೊತ್ತಿಗೆ ವರ್ಷಕ್ಕೆ ಸುಮಾರು 3 ಕೋಟಿ ಹೂ ಅಲ್ಲಿಂದ ಹೊರಹೋಗುತ್ತಿತ್ತು.

ಆಮೇಲೆ ಬಂದದ್ದು ದುಂಡಾಣು ಅಂಗಮಾರಿ ರೋಗ. ಗಿಡದಿಂದ ಗಿಡಕ್ಕೆ, ತೋಟದಿಂದ ತೋಟಕ್ಕೆ ಅದು ಹಬ್ಬಿತು. ನೆರೆಯವನಿಂದ ತಂದ ಸಸಿ, ಒಂದೇ ಕತ್ತಿಯಿಂದ ಕೊಯ್ದ ಹೂ, ಮೇಲಿನಿಂದ ಚಿಮ್ಮುವ ನೀರು, ಇವೇ ರೋಗದ ವಾಹನಗಳಾದವು. 1980ರ ದಶಕದಲ್ಲಿ ಸುಮಾರು 200 ಸಣ್ಣ ತೋಟಗಳು ಹಾಳಾದವು. 1990ರ ಹೊತ್ತಿಗೆ ಉತ್ಪಾದನೆ 1 ಕೋಟಿ 56 ಲಕ್ಷ ಹೂಗಳಿಗೆ, ಎಂದರೆ ಬಹುಮಟ್ಟಿಗೆ ಅರ್ಧಕ್ಕೆ ಇಳಿಯಿತು. ರೋಗವಿಲ್ಲದ ಅಂಗಾಂಶ ಕೃಷಿಯ ಸಸಿ, ಕಟ್ಟುನಿಟ್ಟಿನ ಶುಚಿತ್ವ, ರೋಗ ತಡೆಯುವ ತಳಿ, ಇವುಗಳಿಂದ ಉಳಿದವರು ಉಳಿದುಕೊಂಡರು.

ಇಲ್ಲಿ ನಾವು ಕಲಿಯಬೇಕಾದದ್ದು ಏನು? ಈ ಬೆಳೆಯಲ್ಲಿ ಒಬ್ಬನ ಅಜಾಗರೂಕತೆ ಊರಿಗೇ ಮುಳುವಾಗುತ್ತದೆ. ಬೆಲೆಗಾಗಿ ಸಂಘ ಬೇಕು ಎಂಬುದು ಎಲ್ಲರಿಗೂ ಗೊತ್ತು. ರೋಗ ತಡೆಯಲಿಕ್ಕೂ ಸಂಘ ಬೇಕು ಎಂಬುದನ್ನು ಹವಾಯಿಯ ಕತೆ ಹೇಳುತ್ತದೆ.

ಕೋಕೋ, ವೆನಿಲಾ ನೆನಪಿರಲಿ

ಹೊಸ ಬೆಳೆಯ ಹಿಂದೆ ಓಡಿ ಕೈಸುಟ್ಟುಕೊಂಡ ಅನುಭವ ನಮ್ಮ ಜಿಲ್ಲೆಗೆ ಇದೆ. 1970ರ ದಶಕದಲ್ಲಿ ಅಡಿಕೆ ತೋಟದ ನಡುವೆ ಕೋಕೋ ನೆಟ್ಟವರು, ಕೊಳ್ಳುವವರು ಹಿಂದೆ ಸರಿದಾಗ ಕಾಯಿಯನ್ನು ಏನು ಮಾಡುವುದೆಂದು ತಿಳಿಯದೆ ಕಂಗಾಲಾದರು. ಆಗ ಕೈಹಿಡಿದದ್ದು ಬೆಳೆಗಾರರದ್ದೇ ಸಂಸ್ಥೆಯಾದ ಕ್ಯಾಂಪ್ಕೊ. ಅಡಿಕೆ ಧಾರಣೆ ಕುಸಿದಿದ್ದ ಕಾಲದಲ್ಲಿ, 1973ರ ಜುಲೈ 11ರಂದು, ವಾರಣಾಶಿ ಸುಬ್ರಾಯ ಭಟ್ಟರ ನಾಯಕತ್ವದಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಈ ಸಂಸ್ಥೆ ಕೋಕೋ ಖರೀದಿಗೂ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯನ್ನೇ ತೆರೆಯಿತು. ಬೆಳೆ ಉಳಿಯಿತು, ಬೆಳೆಗಾರನೂ ಉಳಿದ.

ವೆನಿಲಾಗೆ ಆ ಭಾಗ್ಯ ಇರಲಿಲ್ಲ. ಮಡಗಾಸ್ಕರ್ ದ್ವೀಪದ ಬೆಳೆ ಚಂಡಮಾರುತಕ್ಕೆ ಸಿಕ್ಕಿ ನಾಶವಾದುದರಿಂದ ಇಲ್ಲಿ ಹಸಿ ಕೋಡಿನ ಬೆಲೆ ಕಿಲೋಗೆ ಸಾವಿರಗಳ ಲೆಕ್ಕಕ್ಕೆ ಏರಿತು. 2003ರ ಸುಮಾರಿಗೆ ರಾತ್ರಿ ತೋಟ ಕಾಯುವ ಸ್ಥಿತಿ ಬಂತು. ಆ ದ್ವೀಪದ ಬೆಳೆ ಚೇತರಿಸಿಕೊಂಡದ್ದೇ ತಡ, ಇಲ್ಲಿ ಬೆಲೆ ನೆಲಕಚ್ಚಿತು. ಬಳ್ಳಿ ಕಿತ್ತು ಎಸೆದವರು ಎಷ್ಟೋ ಮಂದಿ.

ಆದ್ದರಿಂದ ಆಂಥೂರಿಯಂ ವಿಷಯದಲ್ಲಿ ಮೊದಲ ಮಾತು: ಇದು ಉಪಬೆಳೆ. ಅಡಿಕೆ, ತೆಂಗು ಕಡಿದು ಈ ಹೂ ನೆಡಬೇಡಿ. ಸಾಲ ಮಾಡಿ ಸಾವಿರಾರು ಗಿಡ ಇಡಬೇಡಿ.

ಒಂದು ಸೆಂಟ್ಸಿನ ಲೆಕ್ಕ

ಲೆಕ್ಕ ಹಾಕಿ ನೋಡೋಣ. ಗಿಡದಿಂದ ಗಿಡಕ್ಕೆ 30 ಸೆಂ.ಮೀ., ಸಾಲಿನಿಂದ ಸಾಲಿಗೆ 45 ಸೆಂ.ಮೀ. ಅಂತರ ಕೊಟ್ಟರೆ 200 ಗಿಡಗಳಿಗೆ ನಡೆಯುವ ದಾರಿ ಸಹಿತ ಸುಮಾರು ಒಂದು ಸೆಂಟ್ಸ್ ಜಾಗ ಸಾಕು. ಚೆನ್ನಾಗಿ ನೋಡಿಕೊಂಡ ಗಿಡ ಬೆಳೆದು ನಿಂತ ಮೇಲೆ ವರ್ಷಕ್ಕೆ 6ರಿಂದ 8 ಹೂ ಕೊಡುತ್ತದೆ. ಎಂದರೆ 200 ಗಿಡಗಳಿಂದ ವರ್ಷಕ್ಕೆ 1,200ರಿಂದ 1,600 ಹೂ. ವಾರಕ್ಕೆ ಬರುವುದು 23ರಿಂದ 31 ಹೂ ಮಾತ್ರ.

ಈ ಮೂವತ್ತು ಹೂ ಹಿಡಿದುಕೊಂಡು ನೀವು ಬಸ್ಸು ಹತ್ತಿ ಹಂಪನಕಟ್ಟೆಗೆ ಹೋದರೆ ಏನಾದೀತು? ವ್ಯಾಪಾರಿ ಹೇಳಿದ್ದೇ ಬೆಲೆ. ಮಂಟಪ ಅಲಂಕರಿಸುವವನಿಗೆ ಒಂದೇ ಬಣ್ಣದ, ಒಂದೇ ಅಳತೆಯ ನೂರಾರು ಹೂ ಒಂದೇ ದಿನ ಬೇಕು. ನಿಮ್ಮ ಮೂವತ್ತರಲ್ಲಿ ಹತ್ತು ಕೆಂಪು, ಹತ್ತು ಬಿಳಿ, ಹತ್ತು ಸಣ್ಣವು. ಅವನು ದೂರದ ಊರಿನಿಂದ ಪೆಟ್ಟಿಗೆಯನ್ನೇ ತರಿಸಿಕೊಳ್ಳುತ್ತಾನೆ.

ಅದೇ ಇಪ್ಪತ್ತು ಮನೆಯವರು ಸೇರಿದರೆ ವಾರಕ್ಕೆ ಐದಾರು ನೂರು ಹೂ ಆಗುತ್ತದೆ. ಆಗ ಮಾತಿನಲ್ಲಿ ತೂಕ ಬರುತ್ತದೆ. ಲೆಕ್ಕಕ್ಕಾಗಿ, ಎಲ್ಲ ಖರ್ಚು ಕಳೆದು ಹೂವೊಂದಕ್ಕೆ 5 ರೂ. ಉಳಿಯಿತು ಎಂದಿಟ್ಟುಕೊಂಡರೆ ಒಂದು ಸೆಂಟ್ಸಿನಿಂದ ವರ್ಷಕ್ಕೆ ಸುಮಾರು 7,000 ರೂ. ಇದರಿಂದ ಯಾರೂ ಶ್ರೀಮಂತರಾಗುವುದಿಲ್ಲ. ಆದರೆ ಮನೆಯ ಹೆಂಗಸರು ದಿನಕ್ಕೆ ಒಂದು ಗಂಟೆ ದುಡಿದು, ಅಂಗಳದ ಮೂಲೆಯಿಂದ ಮಕ್ಕಳ ಶಾಲೆಯ ಖರ್ಚು ಹೊರಡಿಸಬಹುದು. ನಿಮ್ಮ ಊರಿನ ಸಸಿಯ ಬೆಲೆ, ಪರದೆಯ ಬೆಲೆ, ಸಿಗಬಹುದಾದ ದರ ಕೇಳಿಕೊಂಡು ಇದೇ ರೀತಿ ನೀವೇ ಲೆಕ್ಕ ಮಾಡಿ, ಆಮೇಲೆ ಕೈಹಾಕಿ.

ಎಲ್ಲಿ ನೆಡಬೇಕು, ಎಲ್ಲಿ ಕೂಡದು

ಅಡಿಕೆ ತೋಟದಲ್ಲಿ ಹೇಗೂ ನೆರಳಿದೆ, ಮರದ ಬುಡದಲ್ಲೇ ನೆಟ್ಟರಾಯಿತು ಎಂದು ಹಲವರು ಯೋಚಿಸುತ್ತಾರೆ. ಇಲ್ಲಿ ಎಚ್ಚರ ಬೇಕು. ಮಳೆಗಾಲಕ್ಕೆ ಮುಂಚೆ ಒಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ ನಾವು ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸುತ್ತೇವೆ. ಅದರಲ್ಲಿ ಮೈಲುತುತ್ತು ಇದೆ. ಆಂಥೂರಿಯಂಗೆ ತಾಮ್ರದ ಅಂಶ ಆಗುವುದಿಲ್ಲ. ಮೇಲಿನಿಂದ ತೊಟ್ಟಿಕ್ಕಿದ ದ್ರಾವಣಕ್ಕೆ ಎಲೆ ಸುಡುತ್ತದೆ, ಹೂ ಕಲೆಯಾಗುತ್ತದೆ. ಸಾಲದ್ದಕ್ಕೆ ಬೀಳುವ ಸೋಗೆ, ಹಾಳೆ ಬೇರೆ. ಆದುದರಿಂದ ತೋಟದ ಅಂಚಿನಲ್ಲಿ, ಸಿಂಪರಣೆಯ ಹನಿ ಬೀಳದಷ್ಟು ದೂರದಲ್ಲಿ ಪ್ರತ್ಯೇಕ ನೆರಳುಮನೆ ಮಾಡಿರಿ.

ನೆರಳುಮನೆಗೆ ಸೇಕಡಾ 75ರಷ್ಟು ನೆರಳು ಕೊಡುವ ಪರದೆ ಬೇಕು. ಎತ್ತರ ಹತ್ತು ಅಡಿಗೆ ಕಡಿಮೆ ಬೇಡ. ತಗ್ಗಾದರೆ ಏಪ್ರಿಲ್, ಮೇ ತಿಂಗಳಲ್ಲಿ ಒಳಗೆ ಬಿಸಿ ನಿಲ್ಲುತ್ತದೆ. ನಮ್ಮಲ್ಲಿ ಮಳೆ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು. ಜಡಿಮಳೆ ನೇರ ಗಿಡದ ಮೇಲೆ ಬಿದ್ದರೆ ಹೂ ಕೆಡುವುದಲ್ಲದೆ ರೋಗವೂ ಚಿಮ್ಮಿ ಹರಡುತ್ತದೆ. ಪರದೆಯ ಮೇಲ್ಗಡೆ ಮಳೆಗಾಲಕ್ಕೆ ಪ್ಲಾಸ್ಟಿಕ್ ಹಾಳೆಯ ಇಳಿಜಾರು ಮಾಡು ಹಾಕಿ, ಬದಿಗಳು ತೆರೆದಿರಲಿ.

ನೇತ್ರಾವತಿ, ಗುರುಪುರ ನದಿಗಳ ಕೆಳಭಾಗದ ಕುದ್ರುಗಳಲ್ಲಿ, ನದಿದಂಡೆಯಲ್ಲಿ ಇರುವವರಿಗೆ ಇನ್ನೊಂದು ಮಾತು. ಬೇಸಗೆಯಲ್ಲಿ ಭರತದ ಜೊತೆ ಉಪ್ಪುನೀರು ಮೇಲೇರಿ ಬಾವಿಯ ನೀರೂ ಉಪ್ಪಾಗುತ್ತದೆ. ಆ ನೀರು ಆಂಥೂರಿಯಂಗೆ ವಿಷ. ಹವಾಯಿ ದ್ವೀಪವಾದರೂ ಅಲ್ಲಿನವರು ಗಿಡಕ್ಕೆ ಹಾಕುವುದು ಮಳೆಯ ಸಿಹಿನೀರು. ನಿಮ್ಮ ಬಾವಿಯ ನೀರನ್ನು ಏಪ್ರಿಲ್ ತಿಂಗಳಲ್ಲಿ ಪರೀಕ್ಷೆ ಮಾಡಿಸಿ, ಉಪ್ಪಿಲ್ಲವೆಂದು ಖಚಿತವಾದರೆ ಮಾತ್ರ ಮುಂದುವರಿಯಿರಿ.

ನೆಡುವ ಮತ್ತು ಸಾಕುವ ಕ್ರಮ

ಈ ಗಿಡಕ್ಕೆ ಬರೀ ಮಣ್ಣು ಬೇಡ. ಬೇರಿಗೆ ಗಾಳಿ ಬೇಕು. ತೆಂಗಿನ ಸಿಪ್ಪೆಯ ತುಂಡು, ಇದ್ದಿಲು, ಹೆಂಚಿನ ಚೂರು ಇವುಗಳ ಮಿಶ್ರಣ ಉತ್ತಮ. ಹಂಚಿನ ಕಾರ್ಖಾನೆಗಳಿಗೆ ಹೆಸರಾದ ಮಂಗಳೂರಿನಲ್ಲಿ ಒಡೆದ ಹೆಂಚಿಗೆ ಬರವಿಲ್ಲ. ತಳಕ್ಕೆ ಹೆಂಚಿನ ದಪ್ಪ ಚೂರು, ಮೇಲೆ ಸಿಪ್ಪೆ ಮತ್ತು ಇದ್ದಿಲಿನ ಮಿಶ್ರಣ ತುಂಬಿರಿ. ಸಿಪ್ಪೆಯಲ್ಲಿ ಉಪ್ಪು ಮತ್ತು ಒಗರು ಇರುವುದರಿಂದ ತುಂಡು ಮಾಡಿದ ಮೇಲೆ ಸಿಹಿನೀರಿನಲ್ಲಿ ನೆನೆಸಿ, ನೀರು ಬದಲಿಸಿ, ಮೂರು ನಾಲ್ಕು ಬಾರಿ ತೊಳೆದೇ ಬಳಸಬೇಕು.

ಸಸಿಯನ್ನು ಅಂಗಾಂಶ ಕೃಷಿಯ ಪ್ರಯೋಗಾಲಯದಿಂದ ಬಂದದ್ದೇ ಕೊಳ್ಳಿರಿ. ಕೆಂಪಿಗೆ ‘ಟ್ರಾಪಿಕಲ್’, ಬಿಳಿಗೆ ‘ಅಕ್ರೊಪೊಲಿಸ್’ ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ತಳಿಗಳು. ಊರಿನಲ್ಲಿ ಎಲ್ಲರೂ ಸೇರಿ ಮೂರು ನಾಲ್ಕು ಬಣ್ಣ ಗೊತ್ತುಮಾಡಿಕೊಳ್ಳಿ. ಮನೆಗೊಂದು ಬಣ್ಣ, ಗಿಡಕ್ಕೊಂದು ಜಾತಿ ಮಾಡಿದರೆ ಪೆಟ್ಟಿಗೆ ತುಂಬುವುದಿಲ್ಲ.

ಬೇರು ತೇವವಾಗಿರಬೇಕು, ನೀರು ನಿಲ್ಲಬಾರದು. ಬೇಸಗೆಯಲ್ಲಿ ದಿನಕ್ಕೆ ಎರಡು ಬಾರಿ ನೀರು ಕೊಡಿ. ನಡುಹಗಲಿನಲ್ಲಿ ನೆಲ ಮತ್ತು ದಾರಿಯನ್ನು ಒದ್ದೆ ಮಾಡಿ ಗಾಳಿಯನ್ನು ತಂಪಾಗಿಡಿ. ಗೊಬ್ಬರ ಸ್ವಲ್ಪ ಸ್ವಲ್ಪವೇ, ಆದರೆ ಬಿಡದೆ ಕೊಡಬೇಕು. ನೀರಿನಲ್ಲಿ ಕರಗುವ 19:19:19 ಗೊಬ್ಬರವನ್ನು ಲೀಟರಿಗೆ 1ರಿಂದ 2 ಗ್ರಾಂ ಬೆರೆಸಿ ವಾರಕ್ಕೊಮ್ಮೆ ಹಾಕಿ. ಪ್ರತಿ ಎಲೆಯ ಬುಡದಿಂದ ಒಂದು ಹೂ ಬರುವುದರಿಂದ ಗಿಡದಲ್ಲಿ ನಾಲ್ಕೈದು ಒಳ್ಳೆಯ ಎಲೆ ಉಳಿಸಿ, ಹಳೆಯದನ್ನು ತೆಗೆಯಿರಿ.

ರೋಗ ಬಂದ ಮೇಲೆ ಮದ್ದಿಲ್ಲ

ಹವಾಯಿಯನ್ನು ಕಾಡಿದ ದುಂಡಾಣು ಅಂಗಮಾರಿಯ ಗುರುತು ತಿಳಿದಿರಲಿ. ಎಲೆಯ ಅಂಚಿನ ಹತ್ತಿರ ನೀರಿನಲ್ಲಿ ತೊಯ್ದಂತೆ ಚುಕ್ಕಿಗಳು ಕಾಣುತ್ತವೆ. ಅವು ಕಂದಾಗಿ ಸುತ್ತ ಹಳದಿ ಅಂಚು ಮೂಡುತ್ತದೆ. ರೋಗ ಕಾಂಡಕ್ಕೆ ಇಳಿದರೆ ಹಳೆಯ ಎಲೆಗಳು ಹಳದಿಯಾಗಿ ತೊಟ್ಟು ಸಹಿತ ಕಳಚಿ ಬೀಳುತ್ತವೆ. ಕಾಂಡಕ್ಕೆ ಇಳಿದ ಮೇಲೆ ಆ ಗಿಡವನ್ನು ಉಳಿಸುವ ಮದ್ದಿಲ್ಲ. ಕಿತ್ತು ಸುಡಬೇಕು, ಹೊಂಡಕ್ಕೆ, ಗೊಬ್ಬರದ ಗುಂಡಿಗೆ ಎಸೆಯಬಾರದು.

ತಡೆಗಟ್ಟುವ ಕ್ರಮಗಳು ಇವು:

• ಹೂ ಕೊಯ್ಯುವ ಕತ್ತಿಯನ್ನು ಗಿಡದಿಂದ ಗಿಡಕ್ಕೆ ಹೋಗುವಾಗ ಸ್ಪಿರಿಟಿನಲ್ಲಿ ಅದ್ದಿರಿ. ಎರಡು ಕತ್ತಿ ಇಟ್ಟುಕೊಂಡರೆ ಕೆಲಸ ನಿಲ್ಲುವುದಿಲ್ಲ.

• ಬೆಳಗ್ಗೆ ಎಲೆಯ ಅಂಚಿನಲ್ಲಿ ಹನಿ ನಿಂತಿರುವಾಗ ಗಿಡಗಳ ನಡುವೆ ಓಡಾಡಬೇಡಿ.

• ನೀರು ಬುಡಕ್ಕೆ ಕೊಡಿ, ಎಲೆಯ ಮೇಲೆ ರಭಸವಾಗಿ ಬಿಡಬೇಡಿ.

• ಕೆಸು, ಡೈಫೆನ್‌ಬೇಕಿಯಾ ಮುಂತಾದ ಇದೇ ಕುಟುಂಬದ ಗಿಡಗಳಲ್ಲೂ ಈ ರೋಗಾಣು ಬದುಕುತ್ತದೆ. ನೆರಳುಮನೆಯ ಹತ್ತಿರ ಅವು ಇರಬಾರದು. ಪತ್ರೊಡೆಯ ಕೆಸು ಹಿತ್ತಿಲಿನ ಇನ್ನೊಂದು ಕೊನೆಯಲ್ಲಿರಲಿ.

• ನೆಂಟರ ಮನೆಯಿಂದ ಸಸಿ ತರುವುದು, ಕೊಡುವುದು ಪೂರ್ತಿ ನಿಲ್ಲಲಿ.

ಮಳೆಗಾಲದಲ್ಲಿ ಬಸವನಹುಳುವಿನ ಕಾಟ ಹೆಚ್ಚು. ಸಂಜೆ ಟಾರ್ಚು ಹಿಡಿದು ಆರಿಸಿ ಉಪ್ಪುನೀರಿಗೆ ಹಾಕುವುದೇ ನಂಬಿಕೆಯ ಉಪಾಯ. ಹೂವಿನ ಮೇಲೆ ಬಿಳಿ ಗೀರು ಕಂಡರೆ ಥ್ರಿಪ್ಸ್ ಇದೆ ಎಂದು ತಿಳಿದು ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಿ ಮದ್ದು ಕೇಳಿರಿ.

ಕೊಯ್ಲು ಮತ್ತು ಕಟ್ಟು

ಮೊಗ್ಗು ಬಿಚ್ಚಿದ ಕೂಡಲೇ ಕೊಯ್ದರೆ ಹೂ ಬಾಡುತ್ತದೆ. ನಡುವಿನ ದಿಂಡಿನ ಬಣ್ಣ ಬುಡದಿಂದ ಬದಲಾಗುತ್ತಾ ಬಂದು ಮೂರನೇ ಒಂದರಿಂದ ಮೂರನೇ ಎರಡು ಭಾಗ ತಲಪಿದಾಗ ಕೊಯ್ಲಿಗೆ ಸರಿ. ಬಿಸಿಲೇರುವ ಮೊದಲು ಅಥವಾ ಸಂಜೆ ಕೊಯ್ದು ತೊಟ್ಟನ್ನು ಕೂಡಲೇ ಶುದ್ಧ ನೀರಿನ ಬಕೆಟ್ಟಿನಲ್ಲಿ ಇಡಿ. ಹೀಗೆ ಕೊಯ್ದ ಹೂ ಎರಡು ಮೂರು ವಾರ ಬಾಳುತ್ತದೆ. ಮಲ್ಲಿಗೆಗೆ ಇಲ್ಲದ ಅನುಕೂಲ ಇದು. ಆದರೆ ತರಕಾರಿಯಂತೆ ಫ್ರಿಜ್ಜಿನಲ್ಲಿ ಇಡಬೇಡಿ. 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಂಪಿಗೆ ಹೂ ಕಪ್ಪಾಗುತ್ತದೆ. ಒಂದೊಂದು ಹೂವಿಗೂ ತೆಳು ಪ್ಲಾಸ್ಟಿಕ್ ಚೀಲ ತೊಡಿಸಿ, ರಟ್ಟಿನ ಪೆಟ್ಟಿಗೆಯಲ್ಲಿ ಒದ್ದೆ ಕಾಗದದ ಚೂರಿನ ನಡುವೆ ಜೋಡಿಸಿ ಕಳುಹಿಸಬೇಕು.

ಪೇಟೆಯ ಪಂಚಾಂಗ

ಈ ಹೂ ಮುಡಿಗೆ ಏರುವುದಿಲ್ಲ, ಪೂಜೆಗೂ ಸಲ್ಲುವ ರೂಢಿಯಿಲ್ಲ. ಸಮಾರಂಭದ ಅಲಂಕಾರವೇ ಇದರ ಪೇಟೆ. ಆಟಿ ತಿಂಗಳಲ್ಲಿ ತುಳುವರಲ್ಲಿ ಮದುವೆ ಇಲ್ಲ. ಕ್ರೈಸ್ತರ ತಪಸ್ಸು ಕಾಲದಲ್ಲಿ ಇಗರ್ಜಿಯಲ್ಲಿ ಮದುವೆ ಇಲ್ಲ. ಮಳೆಗಾಲದಲ್ಲಿ ಗಿಡ ಚೆನ್ನಾಗಿ ಹೂ ಬಿಡುತ್ತದೆ, ಕೊಳ್ಳುವವರು ಕಡಿಮೆ. ನವೆಂಬರಿನಿಂದ ಮೇ ತನಕ ಕೊಳ್ಳುವವರು ಹೆಚ್ಚು, ಆಗ ಬಿಸಿಲಿಗೆ ಹೂ ಕಡಿಮೆ. ಈ ಅಂತರವನ್ನು ತುಂಬಲು ಸಂಘಕ್ಕೆ ಎರಡು ದಾರಿಯಿದೆ: ಬೇಸಗೆಯಲ್ಲಿ ನೀರು, ನೆರಳು ಸರಿಯಾಗಿ ಕೊಟ್ಟು ಹೂ ಉಳಿಸಿಕೊಳ್ಳುವುದು, ಮಳೆಗಾಲದ ಹೂವನ್ನು ಬೇರೆ ಊರಿಗೆ ಕಳುಹಿಸುವುದು. 2007ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಅಂತರರಾಷ್ಟ್ರೀಯ ಹೂ ಹರಾಜು ಕೇಂದ್ರ ತೆರೆದಿದೆ. ಅಲ್ಲಿಗೆ ಹೋಗುವುದು ಪೆಟ್ಟಿಗೆಗಳೇ ಹೊರತು ಕೈಗೊಂಚಲಲ್ಲ.

ಸಂಘ ಹೇಗಿರಬೇಕು

ಮಾದರಿಗೆ ದೂರ ಹೋಗಬೇಕಾಗಿಲ್ಲ. ಶಂಕರಪುರ ಮಲ್ಲಿಗೆಯನ್ನು ನೋಡಿ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಈ ಅಳತೆ ಎಲ್ಲರಿಗೂ ಒಂದೇ. ದಿನದ ದರ ಗೊತ್ತಾದರೆ ಹತ್ತು ಗಿಡ ಇದ್ದವನಿಗೂ ನೂರು ಗಿಡ ಇದ್ದವನಿಗೂ ಅದೇ ದರ. ಅಟ್ಟೆಗೆ 2,100 ರೂ. ತನಕ ಏರಿದ ದಿನಗಳೂ ಇವೆ. ಅಳತೆ ಒಂದೇ, ದರ ಬಹಿರಂಗ, ಸಂಗ್ರಹಿಸುವವರು ಮನೆಯ ಹತ್ತಿರ, ಈ ಮೂರು ಗುಣದಿಂದಲೇ ಅಂಗಳದ ಮಲ್ಲಿಗೆ ಸಂಸಾರ ಸಾಕಿದೆ.

ಹಾಲೆಂಡಿನ ಆಲ್ಸ್‌ಮೀರ್ ಊರಿನ ಹೂ ಬೆಳೆಗಾರರೂ ಹೀಗೆಯೇ ವ್ಯಾಪಾರಿಗಳ ಕೈಯಿಂದ ತಪ್ಪಿಸಿಕೊಳ್ಳಲು 1911–12ರಲ್ಲಿ ತಮ್ಮದೇ ಎರಡು ಸಹಕಾರಿ ಹರಾಜು ಸಂಘ ಕಟ್ಟಿಕೊಂಡರು. 1968ರಲ್ಲಿ ಅವೆರಡೂ ಒಂದಾದವು. ಈಗ ಜಗತ್ತಿನ ಅತಿ ದೊಡ್ಡ ಹೂ ಪೇಟೆ ಅದೇ. ಈಗಲೂ ಅದರ ಒಡೆಯರು ಬೆಳೆಗಾರರೇ.

ನಿಮ್ಮ ಸಂಘಕ್ಕೆ ಮೊದಲ ದಿನವೇ ಈ ನಿಯಮಗಳಿರಲಿ:

• ಹೂವನ್ನು ಅಗಲ ಅಳೆದು ದೊಡ್ಡದು, ನಡುವಣದು, ಸಣ್ಣದು ಎಂದು ಮೂರು ದರ್ಜೆ ಮಾಡಬೇಕು. ಅಳೆಯುವವರು ಅಧ್ಯಕ್ಷರ ಮನೆಯ ಹೂವನ್ನೂ ಅದೇ ಪಟ್ಟಿಯಲ್ಲಿ ಅಳೆಯಬೇಕು.

• ಹಾಲಿನ ಸೊಸೈಟಿಯಂತೆ ಹೂ ಕೊಟ್ಟ ಕೂಡಲೇ ಚೀಟಿ, ಹದಿನೈದು ದಿನಕ್ಕೊಮ್ಮೆ ಹಣ.

• ಬೆಲೆ ಏರಿದ ದಿನ ಹೊರಗಿನವರಿಗೆ ಮಾರಿ, ಇಳಿದ ದಿನ ಸಂಘಕ್ಕೆ ತರುವ ಅಭ್ಯಾಸಕ್ಕೆ ಆಸ್ಪದವಿಲ್ಲ. ಸಂಘ ಒಡೆಯುವುದು ಮುಖ್ಯವಾಗಿ ಇಲ್ಲಿಯೇ.

• ತಿಂಗಳಿಗೊಮ್ಮೆ ಇಬ್ಬರು ಸದಸ್ಯರು ಎಲ್ಲರ ನೆರಳುಮನೆಯನ್ನೂ ಸುತ್ತಿ ರೋಗ ನೋಡಬೇಕು. ರೋಗದ ಗಿಡ ಸುಟ್ಟವನಿಗೆ ಸಂಘದ ನಿಧಿಯಿಂದ ಬದಲಿ ಸಸಿ ಕೊಡಬೇಕು. ಪರಿಹಾರ ಇಲ್ಲದಿದ್ದರೆ ಜನ ರೋಗವನ್ನು ಮುಚ್ಚಿಡುತ್ತಾರೆ, ಮುಚ್ಚಿಟ್ಟ ರೋಗ ಊರು ತಿನ್ನುತ್ತದೆ.

ಹತ್ತು ಮಂದಿ ಬೆಳೆಗಾರರು ಸೇರಿದರೆ ಉತ್ಪಾದಕರ ಕಂಪನಿಯಾಗಿ ನೋಂದಾಯಿಸಬಹುದು. ಸಹಕಾರ ಸಂಘವೇ ಆಗಬೇಕೆಂದಿದ್ದರೆ ಸಹಕಾರ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ನೆರಳುಮನೆಯ ಸಹಾಯಧನಕ್ಕೆ ತಾಲ್ಲೂಕಿನ ತೋಟಗಾರಿಕೆ ಕಚೇರಿಗೆ, ಬೇಸಾಯದ ಸಲಹೆಗೆ ಮಂಗಳೂರು ಕಂಕನಾಡಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿರಿ. ಸಹಾಯಧನದ ಮಂಜೂರಾತಿ ಕೈಗೆ ಬರುವ ಮೊದಲು ಕೆಲಸ ಆರಂಭಿಸಬೇಡಿ.

ಈ ವಾರ ಮಾಡಬೇಕಾದದ್ದು

ಈ ಪುಟವನ್ನು ವಾಚನಾಲಯದಲ್ಲಿ ಓದುತ್ತಿರುವವರು ನಾಲ್ಕು ಮಂದಿಯಾದರೂ ಇದ್ದೀರಿ. ನಿಮ್ಮಲ್ಲಿ ಇಬ್ಬರು ಪೇಟೆಗೆ ಹೋಗಿ, ಮಂಟಪ ಅಲಂಕರಿಸುವ ಮೂವರನ್ನು ಕಂಡು ಬನ್ನಿ. ಯಾವ ಬಣ್ಣ, ಯಾವ ಅಳತೆ, ತಿಂಗಳಿಗೆ ಎಷ್ಟು, ಕೊಡುವ ದರ ಎಷ್ಟು ಎಂದು ಕೇಳಿ ಬರೆದುಕೊಳ್ಳಿ. ಜನವರಿಯಲ್ಲಿ ಕದ್ರಿ ಉದ್ಯಾನದಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಹೂವಿನ ಅಂದ ನೋಡುವುದರ ಜೊತೆಗೆ ಬೆಳೆದವರನ್ನು ಹುಡುಕಿ ಮಾತಾಡಿಸಿ. ಆಮೇಲೆ ಒಟ್ಟು ಕೂಡಿ, ಆ ಚೀಟಿಯನ್ನು ನಡುವೆ ಇಟ್ಟು ಲೆಕ್ಕ ಹಾಕಿ. ಲೆಕ್ಕ ಕೂಡಿ ಬಂದರೆ ಮೊದಲ ವರ್ಷ ಮನೆಗೆ 50 ಗಿಡದಂತೆ ಇಟ್ಟು ನೋಡಿ. ಕೂಡಿ ಬಾರದಿದ್ದರೆ ಬಿಟ್ಟುಬಿಡಿ. ನಷ್ಟವಾದದ್ದು ಬಸ್ಸಿನ ಖರ್ಚು ಮಾತ್ರ.